ನಡುನೀರು ದಾಟುವ ತನಕ

ನಮ್ಮ ದ್ವೀಪದ ಮಾತಾವೇರಿ ವಿಮಾನ ನಿಲ್ದಾಣದ ಹೊರಗೆ ನಿಂತು ಯಾರನ್ನಾದರೂ ಕೇಳಿ ನೋಡಿ, ಸಮುದ್ರದಾಚೆಯ ರಾಜಧಾನಿ ಸ್ಯಾಂಟಿಯಾಗೊ ಎಷ್ಟು ದೂರ ಎಂದು. ಹೂಮಾಲೆ ಮಾರುವ ಹೆಂಗಸಿನಿಂದ ಹಿಡಿದು ಕುದುರೆ ಮೇಯಿಸುವವನವರೆಗೆ ಎಲ್ಲರೂ ಒಂದೇ ಉಸಿರಿಗೆ, ಮೂರು ಸಾವಿರದ ಏಳುನೂರು ಕಿಲೋಮೀಟರ್ ಎನ್ನುತ್ತಾರೆ. ಎಷ್ಟು ಹೊತ್ತಿನ ದಾರಿ ಎಂದು ಕೇಳಿದಿರೋ, ಕೆಟ್ಟಿರಿ. "ಹೋಗೋದಾ, ಬರೋದಾ?" ಎಂದು ನಿಮ್ಮನ್ನೇ ಕೇಳುತ್ತಾರೆ. ಹೋಗುವುದು ಏಳು ಗಂಟೆ, ಬರುವುದು ಮೂರೂವರೆ ಗಂಟೆ. ದಾರಿ ಅದೇ, ಸಮುದ್ರ ಅದೇ, ವಿಮಾನವೂ ಅದೇ.

ಇದೆಲ್ಲ ಗಡಿಯಾರದ ಕಿತಾಪತಿ. ಸ್ಯಾಂಟಿಯಾಗೊದ ಗಡಿಯಾರ ನಮ್ಮ ದ್ವೀಪದ ಗಡಿಯಾರಕ್ಕಿಂತ ಎರಡು ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಹೊರಟ ವಿಮಾನ ಇಲ್ಲಿ ಹನ್ನೆರಡೂವರೆಗೆ ಇಳಿಯುತ್ತದೆ. ಬರಲು ನಿಜವಾಗಿ ಹಿಡಿಯುವುದು ಐದೂವರೆ ಗಂಟೆ, ಹೋಗಲು ಬೆನ್ನಿಗೆ ಗಾಳಿ ಸಿಕ್ಕಿ ಐದು ಕಣ್ರಪ್ಪಾ ಎಂದು ಶಾಲೆಯ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ತೋರಿಸಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಹೊರಗೆ ಬಂದು, "ಬರೋ ದಾರಿ ಚಿಕ್ಕದು, ಮೂರೂವರೆ ಗಂಟೆ" ಎಂದೇ ಹೇಳುತ್ತಾರೆ. ಮನೆಗೆ ಬರುವ ದಾರಿಯಾದರೂ ಚಿಕ್ಕದಿರಲಿ ಎಂಬ ಆಸೆ ಇರಬೇಕು, ಏನೋಪ್ಪ.

ಇನ್ನೊಂದು ಮಾತಿದೆ. ಈ ದಾರಿಯಲ್ಲಿ ಇಳಿಯಲು ಬೇರೆ ಜಾಗವಿಲ್ಲ, ಕಾಲೂರಲು ಒಂದು ಬಂಡೆಯೂ ಇಲ್ಲ. ಅರ್ಧ ದಾರಿಯೊಳಗೆ ಏನಾದರೂ ಹೆಚ್ಚುಕಮ್ಮಿಯಾದರೆ ವಿಮಾನ ಹಿಂದಕ್ಕೆ ತಿರುಗುತ್ತದೆ. ಅರ್ಧ ದಾಟಿದ ಮೇಲೆ ಏನೇ ಆಗಲಿ, ಮುಂದಕ್ಕೇ ಬರಬೇಕು. ಆ ಅರ್ಧಕ್ಕೆ ನಮ್ಮವರು ನಡುನೀರು ಎನ್ನುತ್ತಾರೆ. ಅದರ ಈಚಿನ ನೀರೆಲ್ಲ ನಮ್ಮದು. ಈಚೆ ಬಂದು ಸತ್ತವನು ತನ್ನ ಮನೆಯಲ್ಲೇ ಸತ್ತ ಹಾಗೆ. ಆಚೆ ಸತ್ತರೆ ಅವನ ಜೀವಕ್ಕೆ ದಾರಿ ತಿಳಿಯುವುದಿಲ್ಲ. ಅಂಥವನ ಮನೆಯ ಹೆಂಗಸರು ವರ್ಷಗಟ್ಟಲೆ ಬಾಗಿಲು ಹಾಕಿಕೊಳ್ಳದೆ ಮಲಗುತ್ತಾರೆ, ಎಂದಾದರೂ ಬಂದಾನು ಎಂದು.

ತವಾಕೆ ಹೇರೆವೇರಿಯ ಮನೆಯ ಬಾಗಿಲು ಹಾಗೇ ತೆರೆದಿತ್ತು. ಐವತ್ತರ ಅಂಚಿನ, ಅಗಲ ಭುಜದ, ಬಾಯಿ ಜೋರಿನ ಹೆಂಗಸು ಅವಳು. ಹೊಟ್ಟೆಪಾಡಿಗೆ ಬಾಳೆ, ಅನಾನಸು ಬೆಳೆಯುತ್ತಿದ್ದಳು. ಊರಿಗೆ ಮಾತ್ರ ಅವಳು ಜೊತೆ ಹೋಗುವವಳು. ದ್ವೀಪದ ಆಸ್ಪತ್ರೆಯ ಕೈಯಲ್ಲಿ ಆಗದ ಕಾಯಿಲೆಯಾದರೆ ರೋಗಿಯನ್ನು ಸ್ಯಾಂಟಿಯಾಗೊಕ್ಕೆ ಕಳಿಸುತ್ತಾರೆ, ಜೊತೆಗೊಬ್ಬರು ಇರಲೇಬೇಕು. ಹತ್ತೊಂಬತ್ತರ ವಯಸ್ಸಿನಲ್ಲಿ ತವಾಕೆ ತನ್ನ ತಾಯಿಯ ಜೊತೆ ಹೋದಳು. ತಾಯಿ ಅಲ್ಲೇ ತೀರಿಕೊಂಡಳು. ಹೆಣ ತರುವುದು ಹೇಗೆ, ಯಾರನ್ನು ಕೇಳುವುದು, ಯಾವುದೂ ಹುಡುಗಿಗೆ ತಿಳಿಯಲಿಲ್ಲ. ಆ ಊರಲ್ಲಿ ಹೂಳಲು ನೆಲವಿಲ್ಲದವರನ್ನು ಸ್ಮಶಾನದ ಗೋಡೆಯ ಗೂಡುಗಳಲ್ಲಿ ಇಟ್ಟು ಸಿಮೆಂಟು ಬಳಿಯುತ್ತಾರೆ. ತಾಯಿ ಇವತ್ತಿಗೂ ಆ ಗೋಡೆಯಲ್ಲೇ ಇದ್ದಾಳೆ.

ಅಳುತ್ತಾ ಒಬ್ಬಳೇ ಬಂದಿಳಿದವಳನ್ನು ಎಂಟೇ ದಿನಕ್ಕೆ ಇನ್ನೊಂದು ಮನೆಯವರು ಹುಡುಕಿಕೊಂಡು ಬಂದರು. "ನಿಂಗೆ ದಾರಿ ಗೊತ್ತಲ್ಲ ತವಾಕೆ, ನಮ್ಮಪ್ಪನ ಜೊತೆ ಹೋಗ್ತೀಯಾ?" ಎಂದರು. ಹೋದಳು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಮೂವತ್ತು ವರ್ಷದಿಂದ ಅದೇ ಮಾತು, ನಿಂಗೆ ದಾರಿ ಗೊತ್ತಲ್ಲ. ಅವಳಿಗೆ ಸ್ಯಾಂಟಿಯಾಗೊದ ಒಂದು ಬೀದಿಯೂ ಗೊತ್ತಿಲ್ಲ. ಗೊತ್ತಿರುವುದು ಆಸ್ಪತ್ರೆಯ ಬೆಂಚು, ಅದರ ಮೇಲೆ ಮಲಗಿದರೆ ಬೆನ್ನಿನ ಯಾವ ಎಲುಬು ನೋಯುತ್ತದೆ ಎಂಬುದು. ಇದರ ನಡುವೆ ಅವಳನ್ನು ಕಟ್ಟಿಕೊಳ್ಳಬೇಕೆಂದಿದ್ದ ಮೀನುಗಾರ ಕಾದು ಕಾದು ಬೇರೆಯವಳನ್ನು ಕಟ್ಟಿಕೊಂಡ. ಅವನ ಹೆಂಡತಿಯ ಹೆರಿಗೆಗೂ ಇವಳೇ ಜೊತೆ ಹೋದಳು, ಹಾಳಾದ್ದು.

ನಾನು ಹೇಳಹೊರಟಿರುವ ಸಲ ಅವಳು ಜೊತೆ ಹೋದದ್ದು ಕೋರೋ ತೆಪಾನೋನಿಗೆ. ನಮ್ಮಲ್ಲಿ ವಯಸ್ಸಾದ ಗಂಡಸನ್ನು ಕೋರೋ ಎಂದೂ, ಹೆಂಗಸನ್ನು ನುವಾ ಎಂದೂ ಕರೆಯುತ್ತೇವೆ. ತೆಪಾನೋ ಹಂಗಾ ಪಿಕೋ ದಡದ ಹಳೆಯ ಮೀನುಗಾರ, ತವಾಕೆಯ ತಂದೆಯ ದೊಡ್ಡಪ್ಪನ ಮಗ. ಅವನ ಯೌವನದಲ್ಲಿ ದ್ವೀಪದವರು ದ್ವೀಪ ಬಿಟ್ಟು ಹೋಗುವಂತೆಯೇ ಇರಲಿಲ್ಲ. ಹೋಗಬೇಕು ಹೋಗಬೇಕು ಎಂದು ದಡದಲ್ಲಿ ಕುಣಿಯುತ್ತಿದ್ದವನು ಅವನು. ಈಗ ಪುಪ್ಪುಸ ಕೆಟ್ಟು ಮೂರು ತಿಂಗಳು ಸ್ಯಾಂಟಿಯಾಗೊದ ಹಾಸಿಗೆಯಲ್ಲಿ ಬಿದ್ದಿದ್ದ. ಕಿಟಕಿಯ ಹೊರಗೆ ಇನ್ನೊಂದು ಕಟ್ಟಡದ ಗೋಡೆ.

"ಲೇ ತವಾಕೆ, ನನ್ನನ್ನೂ ಆ ಗೋಡೆಗೆ ಸೇರಿಸ್ಬಿಟ್ಟು ಬಂದೀಯ ಕಣೇ."

"ಸುಮ್ನಿರು ಕೋರೋ. ನಿನ್ನ ಹೊಟ್ಟೆ ಆ ಗೂಡೊಳಗೆ ಹಿಡಿಸಲ್ಲ."

ಅವನು ನಕ್ಕು ಕೆಮ್ಮಿದ. ಕೆಮ್ಮು ನಿಂತ ಮೇಲೆ ನಗಲಿಲ್ಲ. "ನಡುನೀರು ದಾಟಿಸು ಸಾಕು. ಅಲ್ಲಿಂದ ಮುಂದಕ್ಕೆ ನಾನೇ ಹೋಗ್ತೀನಿ. ನಮ್ಮ ಹಿನಾರೇರೆ ಬಾಗಿಲು ತೆಗೆದಿಟ್ಟು ಮಲಗೋ ಹಾಗೆ ಮಾಡ್ಬೇಡ," ಎಂದ. ಹಿನಾರೇರೆ ಅವನ ತಂಗಿ. ಗಾಳಿ ಬಡಿದರೂ ಎದ್ದು ಕೂರುವ ಜೀವ.

ಡಾಕ್ಟರು ಇನ್ನು ಇಲ್ಲಿಟ್ಟು ಮಾಡುವುದೇನೂ ಇಲ್ಲ ಎಂದಾಗ ತವಾಕೆ ಅವರ ಕೋಟು ಹಿಡಿದುಕೊಂಡಳು. ಹೊರಡಲು ಒಪ್ಪಿಗೆ ಕೊಡುವ ತನಕ ಬಿಡಲಿಲ್ಲ. ಹಿನಾರೇರೆ ಅತ್ತ ಫೋನಿನಲ್ಲಿ, "ಬಿಳಿ ಹುಂಜ ಕಟ್ಟಿಹಾಕಿದೀನಿ, ಅವನು ಇಳಿದ ತಕ್ಷಣ ನೆಲದೊಲೆ ಹಚ್ಚಿಸ್ತೀನಿ" ಎಂದಳು. ಬಿಳಿ ಹುಂಜವನ್ನು ನೆಲದೊಲೆಯಲ್ಲಿ ಬೇಯಿಸಿದ ಮೇಲೆಯೇ ನಮ್ಮಲ್ಲಿ ಏನಾದರೂ ಒಳ್ಳೆಯದಕ್ಕೆ ಕೈ ಹಾಕುವುದು.

ಬೆಳಿಗ್ಗೆ ಒಂಬತ್ತಕ್ಕೆ ವಿಮಾನ ಎದ್ದಿತು. ಬಲಗಡೆಯ ಕಿಟಕಿಗೆ ತೆಪಾನೋ, ನಡುವೆ ತವಾಕೆ, ಓಡಾಡುವ ಹಾದಿಯ ಪಕ್ಕ ಬಾಲ್ತಸಾರ್ ಎಂಬ ದಪ್ಪ ಆಸಾಮಿ. ಯಾವುದೋ ಹೋಟೆಲಿನ ಫ್ರಿಜ್ಜು ರಿಪೇರಿಗೆ ಹೊರಟವನು, ಮೊದಲ ಸಲ ದ್ವೀಪ ನೋಡುವವನು. ಕೂತ ಕ್ಷಣದಿಂದ ಅವನ ಬಾಯಿಗೆ ಬಿಡುವಿರಲಿಲ್ಲ, ಅವನ ಮೊಣಕೈ ತವಾಕೆಯ ಪಕ್ಕೆಲುಬಿನಲ್ಲೇ ಇತ್ತು. ತೊಂಬತ್ತರ ದಶಕದ ಮಾತು ಇದು. ಎಲ್ಲಿಗೆ ಬಂದೆವು ಎಂದು ತೋರಿಸುವ ಪರದೆಗಳು ಸೀಟಿನ ಬೆನ್ನಿಗೆ ಆಗ ಇರಲಿಲ್ಲ. ಹಿಂದೆ ಒಬ್ಬ ಪೈಲಟ್ ಮಹಾಶಯ ನಡುನೀರು ಬಂದಾಗ ಮೈಕಿನಲ್ಲಿ ಹೇಳುತ್ತಿದ್ದ. ಅವನು ನಿವೃತ್ತನಾದ ಮೇಲೆ ಅವರವರ ಗಡಿಯಾರವೇ ಗತಿಯಾಗಿತ್ತು.

"ದಾಟ್ತಾ?" ತೆಪಾನೋ ಕಣ್ಣು ಮುಚ್ಚಿಕೊಂಡೇ ಕೇಳಿದ.

"ಈಗಷ್ಟೇ ಹೊರಟಿದೀವಿ ಕೋರೋ. ಸಮುದ್ರಕ್ಕೆ ಈಗ ಬಂತು."

"ಭಾಳ ನಿಧಾನ ನಿನ್ನ ವಿಮಾನ."

"ನಮ್ಮಪ್ಪ ಮಾಡಿಸಿಟ್ಟಿದ್ದು ನೋಡು. ಕೆಳಗಿಳಿದು ತಳ್ಳು ಹಾಗಾದ್ರೆ."

ಅವನ ತುಟಿಯ ಒಂದು ಕಡೆ ಮೇಲೆದ್ದಿತು. ಕಿಟಕಿಗೆ ತಲೆಯೊರಗಿಸಿದ. ಅವನ ಬಲಗೈ ಕಿಟಕಿಯ ಬಿಸಿಲಲ್ಲಿ ತೊಡೆಯ ಮೇಲಿತ್ತು, ಎಡಗೈ ತವಾಕೆಯ ಕೈಯೊಳಗೆ. ಕಾಫಿಯ ಗಾಡಿ ಹಿಂದಿನ ಸಾಲುಗಳಿಗೆ ಹೋಯಿತು. ಬಾಲ್ತಸಾರ್ ಎರಡನೇ ಕಪ್ಪು ಕೇಳಿ ಪಡೆದ. ಅಷ್ಟರಲ್ಲಿ ತವಾಕೆಯ ಕೈಯೊಳಗಿನ ಬೆರಳುಗಳು ಸಡಿಲವಾದವು. ಒಂದು ಉಸಿರು ಹೊರಗೆ ಬಂದದ್ದು ಕೇಳಿಸಿತು. ಮುಂದಿನದಕ್ಕೆ ಅವಳು ಕಾದಳು, ಅದು ಬರಲಿಲ್ಲ.

ಅವಳ ಗಡಿಯಾರದಲ್ಲಿ ಹತ್ತು ಗಂಟೆ. ಸ್ಯಾಂಟಿಯಾಗೊದ ಹತ್ತು. ದ್ವೀಪದ ಹೊತ್ತಿಗೆ ತಿರುಗಿಸಿಕೊಳ್ಳಲು ಆ ದಿನ ಕೈ ಬಿಡುವಿರಲಿಲ್ಲ.

ಅಳುವಂತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಇದೇ ದಾರಿಯಲ್ಲಿ ಒಬ್ಬ ಪ್ರವಾಸಿಗೆ ಎದೆ ಹಿಡಿದುಕೊಂಡು ವಿಮಾನ ಹಿಂದಕ್ಕೆ ತಿರುಗಿದ್ದನ್ನು ಕಣ್ಣಾರೆ ಕಂಡವಳು ಅವಳು. ಈಗ ಬಾಯಿ ಬಿಟ್ಟರೆ ಇದೂ ತಿರುಗುತ್ತದೆ. ಮತ್ತೆ ಸ್ಯಾಂಟಿಯಾಗೊ, ಮತ್ತೆ ಆ ಶವಾಗಾರ, ಮತ್ತೆ ಆ ಗೋಡೆ. ಸತ್ತವನಿಗಾಗಿ ವಿಮಾನ ತಿರುಗಿಸುತ್ತಾರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಧೈರ್ಯವೂ ಇರಲಿಲ್ಲ. ಮುಖ ಒರೆಸುವವಳಂತೆ ಅವನ ಅರೆತೆರೆದ ಕಣ್ಣು ಮುಚ್ಚಿಸಿದಳು, ಟೋಪಿ ಹುಬ್ಬಿನವರೆಗೆ ಎಳೆದಳು, ಕಂಬಳಿಯನ್ನು ಗದ್ದದವರೆಗೆ ಹೊದಿಸಿದಳು. ಬಿಸಿಲಲ್ಲಿದ್ದ ಕೈಯನ್ನು ಮಾತ್ರ ಅಲ್ಲೇ ಬಿಟ್ಟಳು.

ಒಂಬತ್ತಕ್ಕೆ ಹೊರಟದ್ದು, ಮೂರೂವರೆ ಗಂಟೆ ದಾರಿ, ಹನ್ನೊಂದಕ್ಕೆ ನಡುನೀರು ದಾಟಿರುತ್ತದೆ. ಹನ್ನೊಂದರ ತನಕ ಹಲ್ಲು ಕಚ್ಚಿಕೊಂಡು ಕೂರಬೇಕು. ಲೆಕ್ಕ ಅಷ್ಟೇ.

ಅಷ್ಟೇ ಎನ್ನುವುದು ಸುಲಭ. ಒಂದು ಪಕ್ಕ ಹೆಣ, ಇನ್ನೊಂದು ಪಕ್ಕ ಬಾಯಿ ಮುಚ್ಚದ ಬಾಲ್ತಸಾರ್, ಹೊಟ್ಟೆಯ ಮೇಲೆ ಬೆಲ್ಟು, ಮೊಣಕಾಲಿಗೆ ಮುಂದಿನ ಸೀಟು. ಏಳುವಂತಿಲ್ಲ, ಮೂಗು ಎಳೆಯುವಂತಿಲ್ಲ, ಹಿಡಿದ ಕೈ ಬಿಡುವಂತಿಲ್ಲ. ಆ ಕೈ ತಣ್ಣಗಾಗುತ್ತಾ ಬಂದಂತೆ ಅವಳು ತನ್ನೆರಡೂ ಅಂಗೈಗಳಲ್ಲಿ ಅದನ್ನು ತಿಕ್ಕಿದಳು. ಏನೂ ಪ್ರಯೋಜನವಿಲ್ಲ ಎಂದು ಗೊತ್ತಿದ್ದೂ ತಿಕ್ಕಿದಳು.

"ನುವಾ," ಎಂದ ಬಾಲ್ತಸಾರ್. ಆ ಒಂದು ಪದ ಅವನು ಆಗಲೇ ಕಲಿತುಬಿಟ್ಟಿದ್ದ. "ಅಜ್ಜ ಹೇಗೂ ಮಲಗಿದಾರೆ. ಕಿಟಕಿ ಸೀಟು ಒಂದು ಹತ್ತು ನಿಮಿಷ ನಂಗೆ ಬಿಟ್ಕೊಡ್ತಾರಾ? ಸಮುದ್ರದ್ದೊಂದು ಫೋಟೋ ಹೊಡ್ಕೋತೀನಿ."

ತವಾಕೆ ಮುಂದಕ್ಕೆ ಬಾಗಿ ಕಿಟಕಿಗೆ ಅಡ್ಡವಾದಳು. "ಏನಿದೆ ನೋಡೋಕೆ? ಬರೀ ನೀರು."

"ನೀರೇ ನೋಡೋಣ ಅಂತ."

"ಅವರಿಗೆ ನಿದ್ದೆ ಕೆಡಿಸಿದ್ರೆ ಆಗಲ್ಲಪ್ಪ. ಎದ್ದು ಬೈಯೋಕೆ ಶುರು ಮಾಡಿದ್ರೆ ನಿಮ್ಮ ತಾಯಿ ತನಕ ಹೋಗ್ತಾರೆ."

ಅವನು ನಕ್ಕು ಹಿಂದಕ್ಕೊರಗಿದ. ಆದರೆ ಆಮೇಲೆ ಆಗಾಗ ಕಿಟಕಿಯತ್ತ ಕತ್ತು ಚಾಚುತ್ತಿದ್ದ. ಚಾಚಿದಾಗಲೆಲ್ಲ ತವಾಕೆ ತೆಪಾನೋನ ಕಿವಿಯ ಹತ್ತಿರ ಬಾಗಿ ಮಾತಾಡಿದಳು. "ಕೇಳಿಸ್ಕೋತಿದೀಯಾ ಕೋರೋ? ನಿನ್ನ ತಂಗಿ ಹುಂಜ ಕಟ್ಟಿದಾಳೆ. ಗೆಣಸು ಕಿತ್ತಿದಾಳಂತೆ. ನಿನ್ನ ದೋಣಿಗೆ ಬಣ್ಣ ಬಳಿಸಿದಾರೆ, ನೀಲಿ ಬೇಡ ಅಂದ್ರೂ ನೀಲಿನೇ ಬಳಿದಿದಾರೆ. ನೀನೇ ಹೋಗಿ ಉಗಿ." ಹೇಳುತ್ತಾ ಹೇಳುತ್ತಾ ದೋಣಿ ಕಣ್ಣಿಗೆ ಕಟ್ಟಿ ಸ್ವರ ಒಡೆಯುತ್ತಿತ್ತು. ಕೆಮ್ಮಿ ಸರಿಮಾಡಿಕೊಳ್ಳುತ್ತಿದ್ದಳು.

ಹನ್ನೊಂದಾಯಿತು. ತವಾಕೆ ತಡೆಯಲಾರದೆ ತಲೆಯ ಮೇಲಿನ ಗುಂಡಿ ಒತ್ತಿದಳು. ಬಂದವಳು ಯಸ್ನಾ ಎಂಬ ಗಗನಸಖಿ, ಎರಡು ವರ್ಷದಿಂದ ಈ ದಾರಿಯಲ್ಲಿ ಓಡಾಡುವ ಸ್ಯಾಂಟಿಯಾಗೊದ ಹುಡುಗಿ. ತವಾಕೆಯ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬಾಲ್ತಸಾರ್ ಕತ್ತು ವಾಲಿಸಿ ಗೊರಕೆ ಹೊಡೆಯುತ್ತಿದ್ದ. ಅವನ ಹೊಟ್ಟೆಯ ಮೇಲಿನಿಂದ ಬಾಗಿದ ಯಸ್ನಾಳ ಕೈಯನ್ನು ತವಾಕೆ ಗಟ್ಟಿಯಾಗಿ ಹಿಡಿದಳು. "ನಮ್ಮ ಕೋರೋ ಹೋಗ್ಬಿಟ್ಟ ಮಗಾ," ಎಂದು ಪಿಸುಗುಟ್ಟಿದಳು. "ಆಗಲೇ ಒಂದು ಗಂಟೆ ಆಯ್ತು. ಹೇಳಿದ್ರೆ ತಿರುಗಿಸಿಬಿಡ್ತೀರಿ ಅಂತ ಬಾಯಿ ಮುಚ್ಕೊಂಡು ಕೂತಿದ್ದೆ. ಈಗ ಅರ್ಧ ದಾಟ್ತಲ್ಲ, ಇನ್ನು ಹೇಳಬಹುದು. ಈಗ ಯಾರನ್ನ ಕರೀಬೇಕೋ ಕರಿ."

ಯಸ್ನಾ ತೆಪಾನೋನ ಮುಖ ನೋಡಿದಳು. ಆಮೇಲೆ ತನ್ನ ಗಡಿಯಾರ ನೋಡಿದಳು. "ಅರ್ಧ ಎಲ್ಲಿ ಆಯ್ತಮ್ಮಾ? ಇನ್ನೂ ಮುಕ್ಕಾಲು ಗಂಟೆ ಬೇಕು."

"ಮೂರೂವರೆ ಗಂಟೆ ದಾರಿ..."

"ಐದೂವರೆ ಅಮ್ಮಾ."

ಐದೂವರೆ ಎಂದು ತವಾಕೆಗೇನು ಗೊತ್ತಿರಲಿಲ್ಲವೇ? ಮೂವತ್ತು ವರ್ಷ ಈ ದಾರಿಯಲ್ಲಿ ಕಾಲು ಜೋಮು ಹಿಡಿಸಿಕೊಂಡು ಕೂತವಳಿಗೆ? ಆದರೆ ಸಾವಿರ ಸಲ ಬಾಯಲ್ಲಿ ಆಡಿದ ಮಾತು ಬೇಕಾದ ಹೊತ್ತಿಗೆ ಲೆಕ್ಕದೊಳಗೆ ನುಗ್ಗಿ ಕೂತಿತ್ತು. ಬರೋ ದಾರಿ ಚಿಕ್ಕದಂತೆ! ಬೆಂಕಿ ಹಾಕ. ಮುಕ್ಕಾಲು ಗಂಟೆ ಬಾಯಿ ಕಟ್ಟಿಕೊಂಡಿದ್ದರೆ ಸಾಕಿತ್ತು. ಈಗ ಆಡಿದ ಮಾತನ್ನು ಹಿಂದಕ್ಕೆ ನುಂಗುವಂತಿಲ್ಲ.

"ಹೇಳ್ಬೇಡ ಮಗಾ," ಎಂದಳು. "ನಿನ್ನ ಕಾಲಿಗೆ ಬೀಳ್ತೀನಿ."

ಯಸ್ನಾ ಕೈ ಬಿಡಿಸಿಕೊಂಡು ಎದುರಿನ ಪರದೆಯ ಹಿಂದೆ ಹೋದಳು. ಅದರಾಚೆಗೇ ಪೈಲಟ್ಟಿನ ಬಾಗಿಲು.

ತವಾಕೆ ಪರದೆಯನ್ನೇ ನೋಡುತ್ತಾ ಕೂತಳು. ಬಾಲ್ತಸಾರ್‌ನನ್ನು ತಳ್ಳಿ ಓಡಿಹೋಗಿ ಆ ಬಾಗಿಲಿಗೆ ಅಡ್ಡ ನಿಲ್ಲಬೇಕೆನ್ನಿಸಿತು. ಕೋರೋನನ್ನು ಒಬ್ಬನನ್ನೇ ಬಿಟ್ಟು ಏಳುವುದು ಹೇಗೆ? ತಾಯಿಯನ್ನು ಹಾಗೆ ಬಿಟ್ಟು ಎದ್ದುಹೋಗಿ, ಹಿಂತಿರುಗಿ ಬರುವಷ್ಟರಲ್ಲಿ ಹಾಸಿಗೆಯೇ ಖಾಲಿಯಾಗಿತ್ತು. ಅವಳು ಏಳಲಿಲ್ಲ.

ಕಿಟಕಿಯ ಬಿಸಿಲು ಇನ್ನೂ ತೆಪಾನೋನ ಬಲಗೈಯ ಮೇಲಿತ್ತು. ಬೆಳಗಿನ ವಿಮಾನದಲ್ಲಿ ಮನೆಯತ್ತ ಬರುವಾಗ ಸೂರ್ಯ ಬಲಗಡೆ ಇರುತ್ತಾನೆ, ಹಿಂದಕ್ಕೆ ತಿರುಗಿದರೆ ಎಡಗಡೆಗೆ ಹೋಗುತ್ತಾನೆ. ಆ ಪ್ರವಾಸಿಯ ಸಲ ಹಾಗೇ ಆಗಿತ್ತು, ಮುಖದ ಮೇಲಿದ್ದ ಬಿಸಿಲು ಇದ್ದಕ್ಕಿದ್ದಂತೆ ಆಚೆ ಸಾಲಿಗೆ ಹೋಗಿತ್ತು. ತವಾಕೆ ಪರದೆ ಬಿಟ್ಟು ಆ ಕೈಯನ್ನು ನೋಡತೊಡಗಿದಳು. ಬಲೆಯ ಹಗ್ಗ ಕೊಯ್ದು ಕೊಯ್ದು ಗಂಟುಗಟ್ಟಿದ ಬೆರಳುಗಳ ಮೇಲೆ ಬಿಸಿಲು. ಇರು, ಇರು, ಅಲ್ಲೇ ಇರು ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ವಿಮಾನ ಒಂದು ಪಕ್ಕಕ್ಕೆ ವಾಲಿತು. ಬಿಸಿಲು ಬೆರಳಿನಿಂದ ಮಣಿಕಟ್ಟಿಗೆ ಜಾರಿತು. ಮಣಿಕಟ್ಟಿನಿಂದ ಕಂಬಳಿಗೆ ಜಾರಿ, ಸೀಟಿನ ಅಂಚಿಗೆ ಬಂದು ಸಣ್ಣದಾಯಿತು. ತವಾಕೆ ಕಣ್ಣು ಮುಚ್ಚಿಕೊಂಡಳು. ಆಯಿತು, ಇವನೂ ಗೋಡೆಗೆ ಹೋದ ಎಂದುಕೊಂಡಳು. ಕಣ್ಣು ತೆರೆಯುವ ಧೈರ್ಯ ಬಹಳ ಹೊತ್ತು ಬರಲಿಲ್ಲ. ತೆರೆದಾಗ ವಿಮಾನ ನೆಟ್ಟಗಿತ್ತು, ಬಿಸಿಲು ಮತ್ತೆ ಅದೇ ಬೆರಳುಗಳ ಮೇಲಿತ್ತು. ಮೋಡ ತಪ್ಪಿಸಲು ವಾಲಿದ್ದು ಅಷ್ಟೇ.

ಯಸ್ನಾ ಎರಡು ಊಟದ ತಟ್ಟೆ ಹಿಡಿದುಕೊಂಡು ಬಂದಳು. ಒಂದನ್ನು ತವಾಕೆಯ ಮುಂದಿಟ್ಟಳು. ಇನ್ನೊಂದನ್ನು ತೆಪಾನೋನ ಮುಂದಿನ ಹಲಗೆ ಇಳಿಸಿ ಅದರ ಮೇಲಿಟ್ಟು, ಸುತ್ತಲಿನವರಿಗೆಲ್ಲ ಕೇಳುವಂತೆ, "ಅಜ್ಜಂದು ಇಲ್ಲೇ ಇರ್ಲಿ, ಎದ್ದ ಮೇಲೆ ತಿಂತಾರೆ" ಎಂದಳು. ತವಾಕೆ ತಲೆಯೆತ್ತಿ ಅವಳ ಮುಖ ನೋಡಿದಳು.

ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಸಿಬ್ಬಂದಿ ಹಾದಿಯಲ್ಲಿ ಬಂದವನು ಆ ಮುಟ್ಟದ ತಟ್ಟೆಯನ್ನು ನೋಡಿ ನಿಂತ. "ಸಾರ್‌ಗೆ ಹುಷಾರಿಲ್ವಾ? ಎಬ್ಬಿಸಿ ಕೇಳ್ಲಾ?" ಎಂದು ಕೈ ಚಾಚಿದ.

"ಏ, ಬಿಡ್ರೀ ಅವರನ್ನ," ಎಂದ ಬಾಲ್ತಸಾರ್. ಅವನಿಗೆ ಯಾವಾಗ ಎಚ್ಚರವಾಗಿತ್ತೋ. "ಈಗಷ್ಟೇ ನನ್ನ ಜೊತೆ ಮಾತಾಡಿ ಮಲಗಿದಾರೆ. ಎಬ್ಬಿಸಿದ್ರೆ ನನ್ನ ತಾಯಿ ತನಕ ಬೈತಾರೆ." ಸಿಬ್ಬಂದಿ ನಕ್ಕು ಮುಂದೆ ಹೋದ. ಬಾಲ್ತಸಾರ್ ತವಾಕೆಯ ಕಡೆ ತಿರುಗಲಿಲ್ಲ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ, ಅಷ್ಟು ಹೊತ್ತು ಅವಳ ಪಕ್ಕೆಗೆ ಚುಚ್ಚುತ್ತಿದ್ದ ಮೊಣಕೈಯನ್ನು ಹಿಂದಕ್ಕೆಳೆದುಕೊಂಡ.

ಯಸ್ನಾ ಮತ್ತೆ ಬಂದಾಗ ತವಾಕೆಗೆ ಮುಕ್ಕಾಲು ಗಂಟೆಯೋ ಮುಕ್ಕಾಲು ವರ್ಷವೋ ತಿಳಿಯದಾಗಿತ್ತು. ಹುಡುಗಿ ಬಗ್ಗಿ ತೆಪಾನೋನ ಕಂಬಳಿ ಸರಿಮಾಡುವ ನೆಪದಲ್ಲಿ ಅವನ ಕಿವಿಗೇ ಹೇಳಿದಳು. "ನಡುನೀರು ದಾಟಿತು ಕೋರೋ."

ಆಗ ತವಾಕೆ ಅತ್ತಳು. ಕಂಬಳಿಯ ಅಂಚನ್ನು ಬಾಯಿಗೆ ತುರುಕಿಕೊಂಡು, ಭುಜ ಕುಲುಕುವಂತೆ ಅತ್ತಳು. ಕೋರೋನಿಗಾಗಿ ಶುರುವಾದ ಅಳು ತಾಯಿಯನ್ನು ಹಾದು, ಆಸ್ಪತ್ರೆಯ ಬೆಂಚುಗಳನ್ನೆಲ್ಲ ಹಾದು ಬಂತು. ಯಸ್ನಾ ಪರದೆಯ ಹಿಂದೆ ಹೋಗಿ ಪೈಲಟ್ಟಿಗೆ ಹೇಳಿದಳು, ಯಜಮಾನರೊಬ್ಬರು ಈಗಷ್ಟೇ ತೀರಿಕೊಂಡರು ಎಂದು.

ದ್ವೀಪದ ಗಡಿಯಾರದ ಹನ್ನೆರಡೂವರೆಗೆ ಮಾತಾವೇರಿಯಲ್ಲಿ ವಿಮಾನ ಇಳಿಯಿತು. ಎಲ್ಲರೂ ಇಳಿದ ಮೇಲೆ ಕೊನೆಗೆ ಸ್ಟ್ರೆಚರು ಇಳಿಸಿದರು, ಒಂದು ತುದಿಗೆ ಬಾಲ್ತಸಾರ್ ತಾನೇ ಕೈಕೊಟ್ಟ. ಬೇಲಿಯಾಚೆ ಸ್ವಾಗತಕ್ಕೆ ಹಾಡುತ್ತಿದ್ದ ನೆಂಟರು ಸ್ಟ್ರೆಚರು ಕಂಡು ಅರ್ಧಕ್ಕೇ ನಿಲ್ಲಿಸಿದರು. ತವಾಕೆಯ ಕಾಲು ನೆಲಕ್ಕೆ ತಾಗಿ ನಾಲ್ಕು ಹೆಜ್ಜೆ ಆಗಿರಲಿಲ್ಲ, ನೆರೆಮನೆಯ ಹೆಂಗಸು ತೋಳು ಜಗ್ಗಿದಳು. "ಇಂಥಾ ಹೊತ್ತಲ್ಲಿ ಕೇಳ್ಬಾರ್ದು ತವಾಕೆ. ನಮ್ಮೆಜಮಾನ್ರಿಗೆ ಮುಂದಿನ ವಾರ ಅಲ್ಲಿಗೆ ಬರಹೇಳಿದಾರೆ. ನಿಂಗೆ ದಾರಿ ಗೊತ್ತಲ್ಲ..." ತವಾಕೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಹೂಂ ಎನ್ನುತ್ತೇನೆ ಎಂದು ಅವಳಿಗೂ ಗೊತ್ತಿತ್ತು, ಆ ಹೆಂಗಸಿಗೂ ಗೊತ್ತಿತ್ತು.

ಹಿನಾರೇರೆ ಎರಡೂ ಕೈಯಲ್ಲಿ ಹೂಮಾಲೆ ಹಿಡಿದು ನಿಂತಿದ್ದಳು. ಅಣ್ಣನ ಮುಖ ಮುಟ್ಟಿ ನೋಡಿದಳು. ಅಳಲಿಲ್ಲ. ತವಾಕೆಯ ಎದುರಿಗೆ ಬಂದು ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು, "ಎಲ್ಲಿ ಹೋದ? ಆಚೆನೋ, ಈಚೆನೋ?"

ಮೆಟ್ಟಿಲ ಹತ್ತಿರ ಯಸ್ನಾ ನಿಂತಿದ್ದಳು. ಬಾಲ್ತಸಾರ್ ಟೋಪಿ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ.

"ಈಚೆ ಅತ್ತೆ," ಎಂದಳು ತವಾಕೆ. "ನಡುನೀರು ದಾಟಿದ ಮೇಲೆ. ದಾಟ್ತಾ ಅಂತ ಕೇಳ್ದ, ದಾಟ್ತು ಅಂದೆ, ಆಮೇಲೆ ಹೋದ."

ಹಿನಾರೇರೆ ಮಾಲೆಯನ್ನು ಅಣ್ಣನ ಎದೆಯ ಮೇಲಿಟ್ಟಳು. ಆಗ ಅಳು ಬಂತು, ಅಳುತ್ತಲೇ ಮುಖದಲ್ಲಿ ಒಂದು ಹೆಮ್ಮೆಯೂ ಬಂತು. "ನೋಡಿದ್ಯಾ ನಮ್ಮಣ್ಣನ್ನ," ಎಂದು ತವಾಕೆಯ ಗಲ್ಲ ಹಿಡಿದಳು. "ಬರೋ ದಾರಿ ಚಿಕ್ಕದಲ್ವಾ, ಅದಕ್ಕೇ ದಾಟ್ಬಿಟ್ಟ."

"ಹೂಂ ಅತ್ತೆ," ಎಂದಳು ತವಾಕೆ. "ಚಿಕ್ಕದು."